ನೆನಪಿನ ಮೇಲೆ ಕತ್ತರಿಸಿದ ಬಣ್ಣಗಳು

ಬಿಳಿ ಬಣ್ಣಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೆಂದು ನಲವತ್ತೊಂದು ಮಕ್ಕಳಿಗೆ ನಾನು ಮೂರು ವಾರ ತಪ್ಪಾಗಿ ಹೇಳಿಕೊಟ್ಟೆ. ಬಿಳಿ ಒಂದೇ ಅಲ್ಲ. ಹಳದಿ, ನೀಲಿ, ಬೂದು, ಹಸಿರು ಕೂಡ. ಕೆಂಪು ಮತ್ತು ಕಪ್ಪು ಮಾತ್ರ ಹೆಚ್ಚುಕಮ್ಮಿ ಸರಿಯಾಗಿದ್ದವು. ಮೂರು ವಾರ ಎಂದು ಬರೆದು, ಅನುಮಾನ ಬಂದು ದಿನಚರಿ ತೆಗೆದು ನೋಡಿದೆ. ನಾಲ್ಕು ವಾರ. ನನಗೆ ಅನುಕೂಲವಾಗುವ ಕಡೆಗೇ ನೆನಪು ಜಾರುತ್ತದೆ. ಹಾಗಾಗಿ ಇದನ್ನು ಓದುವವರು ನಾನು ಹೇಳುವ ಎಲ್ಲವನ್ನೂ ಸ್ವಲ್ಪ ತಡೆದು ನಂಬಬೇಕು.

ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮನೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಈ ಜೂನ್‌ನಲ್ಲಿ ನಮ್ಮ ಶಾಲೆಯವರು ಆರನೇ ತರಗತಿಗೆ ಫ್ರೆಂಚ್ ಶುರು ಮಾಡಿದರು. ಬರಬೇಕಿದ್ದ ಮೇಷ್ಟರು ಬರಲಿಲ್ಲ. ಪ್ರಿನ್ಸಿಪಾಲರು ಹಳೆಯ ಫೈಲು ತಿರುವಿ ನನ್ನನ್ನು ಕರೆದರು. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ನಾನು ಕೊಟ್ಟ ಬಯೋಡೇಟಾದಲ್ಲಿ ‘ಫ್ರೆಂಚ್, ಸರ್ಟಿಫಿಕೇಟ್ ಕೋರ್ಸ್’ ಎಂದು ಒಂದು ಸಾಲಿತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ಆ ಕೋರ್ಸಿಗೆ ಸೇರಿದ್ದು ನಿಜ. ಪರೀಕ್ಷೆಗೆ ಕೂರಲಿಲ್ಲ ಎಂಬುದನ್ನು ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದು ಸುಳ್ಳೇ? ಈ ಪ್ರಶ್ನೆಯನ್ನು ದಿನಚರಿಯಲ್ಲಿ ಎರಡು ಸಲ ಕೇಳಿಕೊಂಡಿದ್ದೇನೆ, ಎರಡೂ ಸಲ ಉತ್ತರ ಬರೆಯದೆ ಪುಟ ತಿರುವಿದ್ದೇನೆ.

ಪಾಠ ಮಾಡುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮಕ್ಕಳಿಗಿಂತ ಒಂದು ಪಾಠ ಮುಂದಿದ್ದರೆ ಸಾಕಿತ್ತು. ಸಂಜೆ ಅಡುಗೆಮನೆಯಲ್ಲಿ ಫೋನು ಹಚ್ಚಿಟ್ಟು, ಅದರೊಳಗಿನ ಫ್ರೆಂಚ್ ಹೆಂಗಸು ನಮಸ್ಕಾರ ಹೇಳುವುದನ್ನೂ ಒಂದು ಎರಡು ಎಣಿಸುವುದನ್ನೂ ಕೇಳಿ, ಕನ್ನಡ ಅಕ್ಷರದಲ್ಲಿ ಚೀಟಿ ಬರೆದುಕೊಂಡು, ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಗುನುಗಿ ತರಗತಿಗೆ ಹೋಗುತ್ತಿದ್ದೆ. ಹೀಗೆ ಎಲ್ಲ ಪಾಠಕ್ಕೂ ಫೋನು ಕೇಳಿದೆ, ಬಣ್ಣಗಳ ಪಾಠವೊಂದನ್ನು ಬಿಟ್ಟು.

ಯಾಕೆಂದರೆ ಬಣ್ಣಗಳ ಪಾಠ ನನಗೆ ನೆನಪಿತ್ತು. ಚೂರುಪಾರು ಅಲ್ಲ, ಇಡೀ ತರಗತಿಯೇ ಕಣ್ಣಮುಂದೆ ಇತ್ತು. ಮಧ್ಯಾಹ್ನದ ಹೊತ್ತು, ಬೂದು ಬಣ್ಣದ ನೂಲಿನ ಸೀರೆ ಉಟ್ಟ ನಮ್ಮ ಲೆಕ್ಚರರು ಸೆರಗು ಮುಟ್ಟಿ ‘ಗ್ರಿಸ್’ ಎನ್ನುತ್ತಿದ್ದರು. ಅಂಚು ಮುಟ್ಟಿ ‘ವೆರ್ಟ್’. ಕೈಯೆತ್ತಿ ಬಳೆ ಮುಟ್ಟಿ ‘ಜೌನ್’. ಗೋಡೆ ತೋರಿಸಿ ‘ಬ್ಲಾಂಕ್’. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೆಂದರೆ, ಭಾಷೆ ಕಲಿಸುವುದೆಂದರೆ ಹೀಗೆ ಎಂದು ಒಮ್ಮೆ ಶಿಕ್ಷಕರ ತರಬೇತಿಯಲ್ಲಿ ಕೂಡ ಉದಾಹರಣೆ ಕೊಟ್ಟಿದ್ದೆ. ಫ್ರೆಂಚಿನಲ್ಲಿ ಕೊನೆಯ ಅಕ್ಷರವನ್ನು ಎಷ್ಟೋ ಸಲ ನುಂಗಿಬಿಡುತ್ತಾರೆಂದು ಬೇರೆ ಪಾಠಗಳಿಂದ ಅಷ್ಟರಲ್ಲಿ ಗೊತ್ತಾಗಿತ್ತು. ಆದರೂ ಬಣ್ಣಗಳಿಗೆ ಅದನ್ನು ಹಚ್ಚಿ ನೋಡಬೇಕು ಅನ್ನಿಸಲಿಲ್ಲ. ಕಿವಿಯಲ್ಲಿ ಆ ದನಿ ಇದ್ದಾಗ ಫೋನು ಯಾಕೆ?

ಬಣ್ಣ ತೋರಿಸಲು ಹರಿಹರದ ಅಕ್ಕನ ಅಂಗಡಿಯಿಂದ ತುಂಡು ಬಟ್ಟೆ ತಂದೆ. ಅಕ್ಕನದು ಮ್ಯಾಚಿಂಗ್ ಸೆಂಟರು. ಸೀರೆಗೆ ಹೊಂದುವ ರವಿಕೆ ಬಟ್ಟೆ, ಫಾಲ್ಸು, ಲೈನಿಂಗು ಮಾರುತ್ತಾಳೆ. ಎಸ್ಸೆಸ್ಸೆಲ್ಸಿ ಓದಿದವಳು. ಅವಳ ಕಪಾಟಿನಲ್ಲಿ ಈರುಳ್ಳಿ ಸಿಪ್ಪೆ ಬಣ್ಣವೇ ಆರು ಬಗೆ ಇದೆ. ಅವಳದೊಂದು ನಿಯಮ. ಸೀರೆ ತರದೆ ಬಂದವರಿಗೆ ಅಕ್ಕ ಬಟ್ಟೆ ಕತ್ತರಿಸಿ ಕೊಡುವುದಿಲ್ಲ. ನಾನು ತುಂಡು ಬಟ್ಟೆ ಆರಿಸುತ್ತ ಕೂತಿದ್ದ ದಿನವೇ ಮಲೇಬೆನ್ನೂರಿನಿಂದ ಬಂದ ಒಬ್ಬ ಹೆಂಗಸಿಗೂ ಅವಳಿಗೂ ಜಟಾಪಟಿ ಆಯಿತು.

“ಗಿಳಿ ಹಸಿರು ಕಣ್ರೀ ಅಕ್ಕಾರೆ. ನಂಗೆ ಚಲೋ ನೆನಪೈತೆ.”

“ಗಿಳಿ ಹಸಿರಿನಾಗೆ ನನ್ನತ್ರ ಒಂಬತ್ತು ಅದಾವೆ. ಯಾವ ಗಿಳಿ?”

“ಅಯ್ಯ, ಗಿಳಿ ಅಂದ್ರೆ ಗಿಳಿ. ಅದ್ರಾಗೇನು ಜಾತಿ?”

“ಮನಿಗೋಗಿ ಸೀರಿ ತಗಂಬರ್ರಿ.”

“ಬಸ್ಸಿನಾಗೆ ಬಂದೀನ್ರಿ ನಾನು!”

“ಬಸ್ಸು ವಾಪಸ್ಸೂ ಹೋಗ್ತಾವೆ, ಹೋಗ್ರಿ. ನೆನಪಿನ ಮ್ಯಾಲೆ ಕತ್ತರಿ ಹಾಕಲ್ಲ ನಾನು. ನಾಳೆ ಹೊಂದಲಿಲ್ಲ ಅಂದ್ರೆ ನನ್ನನ್ನೇ ಬೈತೀರಿ.”

ಹೆಂಗಸು ಗೊಣಗುತ್ತ ಇಳಿದುಹೋದಳು. ಸೀರೆ ತಂದವರಿಗೂ ಅಕ್ಕ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದಿಸುವುದಿಲ್ಲ. ಸೀರೆ, ಬಟ್ಟೆ ಎರಡನ್ನೂ ಹಿಡಿದು ಅಂಗಡಿ ಮೆಟ್ಟಿಲಿಗೆ ಬರುತ್ತಾಳೆ. ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಹಿಡಿದು ನೋಡಿ, ಆಮೇಲೆ ಕತ್ತರಿ. ಆವತ್ತು ಇದೆಲ್ಲ ನೋಡಿ ನಾನು ನಕ್ಕೆ. ನಕ್ಕೆ ಎಂದು ದಿನಚರಿಯಲ್ಲೂ ಇದೆ. ಏಳು ತುಂಡು ಬಟ್ಟೆ ಚೀಲಕ್ಕೆ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದೆ.

ನಾವೆಲ್ಲ ಮಗ್ಗಿ ಕಲಿತದ್ದು ಹೇಗೋ ಹಾಗೆಯೇ ನಾನು ಬಣ್ಣ ಕಲಿಸಿದೆ. ನಾನು ಬಟ್ಟೆ ಎತ್ತುವುದು, ಹೆಸರು ಹೇಳುವುದು, ಮಕ್ಕಳು ಒಂದೇ ದನಿಯಲ್ಲಿ ತಿರುಗಿ ಹೇಳುವುದು. ಎರಡನೇ ದಿನಕ್ಕೇ ಅದಕ್ಕೊಂದು ರಾಗ ಹುಟ್ಟಿತು. ಯಾರು ಕಟ್ಟಿದರೋ ಗೊತ್ತಿಲ್ಲ, ‘ಬ್ಲಾಂಕ್’ ಬಂದಾಗ ಎಲ್ಲರೂ ಡೆಸ್ಕಿಗೆ ಒಂದು ಏಟು ಹಾಕುತ್ತಿದ್ದರು. ಕಾರಿಡಾರಿನಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ನಾನು ಹಿಗ್ಗಿದೆ.

ಆ ರಾಗ ಶಾಲೆಯ ಗೇಟು ದಾಟಿ ಶಾಮನೂರಿಗೆ ಹೋಯಿತು. ಅಲ್ಲಿಂದ ಮಗಳನ್ನು ಸ್ಕೂಟಿಯಲ್ಲಿ ಕರೆತರುವ ಒಬ್ಬ ತಾಯಿ ಇದ್ದಾರೆ. ಬೇಸಾಯದ ಮನೆ, ಏಳನೇ ತರಗತಿಗೆ ಓದು ಬಿಟ್ಟವರು. ಮಗಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ತಾವೂ ಕಲಿಯುತ್ತಾರೆ. ಒಂದು ದಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡೇ ಏಳೂ ಬಣ್ಣ ನನಗೆ ಒಪ್ಪಿಸಿದರು. ಒಂದೂ ತಪ್ಪಲಿಲ್ಲ. ಅಂದರೆ, ನಾನು ಹೇಳಿಕೊಟ್ಟಂತೆಯೇ ಇತ್ತು.

“ನಮ್ಮತ್ತಿ ಮುಂದೆ ಹೇಳಿದೆ ಮಿಸ್. ಇದೇನೇ ಮಂತ್ರ, ಯಾರಿಗೆ ಮಾಟ ಮಾಡ್ತೀಯೇ ಅಂದ್ಲು. ಫ್ರಾನ್ಸ್ ದೇಶದ್ದು ಕಣತ್ತಿ ಅಂದೆ. ಬಾಯಿ ಮುಚ್ಕಂಡ್ಲು. ಹದ್ನಾಕು ವರ್ಷಕ್ಕೆ ಮೊದಲ್ನೇ ಸಲ ಮಿಸ್!”

ಪ್ರಿನ್ಸಿಪಾಲರು ಪಕ್ಕದಲ್ಲೇ ಇದ್ದರು. ಪೋಷಕರ ದಿನದಂದು ಈ ತಾಯಿ ಮಗಳು ಇಬ್ಬರೂ ವೇದಿಕೆಯ ಮೇಲೆ ಬಣ್ಣ ಹೇಳಲಿ ಎಂದು ಅಲ್ಲೇ ತೀರ್ಮಾನವಾಯಿತು. ಪೋಷಕರ ದಿನವಿದ್ದ ಶನಿವಾರಕ್ಕೆ ಹತ್ತು ದಿನ ಇತ್ತು. ಆ ತಾಯಿ ಸ್ಕೂಟಿ ಶುರು ಮಾಡುವುದನ್ನೇ ಮರೆತು ಕಾಲಿಂದ ತಳ್ಳಿಕೊಂಡು ಹತ್ತು ಹೆಜ್ಜೆ ಹೋದರು.

ಅದರ ನಂತರದ ಭಾನುವಾರ ನಾನು ಮಕ್ಕಳು ಹಾಡಿದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಅಕ್ಕನಿಗೆ ಕೇಳಿಸಲು ಹರಿಹರಕ್ಕೆ ಹೋದೆ. ಅವಳ ಬಟ್ಟೆ ಏನು ಕೆಲಸ ಮಾಡಿತು ಎಂದು ತೋರಿಸಬೇಕಿತ್ತು. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಅಕ್ಕ ಕೇಳಿದಳು, ಡೆಸ್ಕಿನ ಏಟಿಗೆ ನಕ್ಕಳು. ಈಗ ಇದನ್ನೇ ಫ್ರೆಂಚರು ಹೇಳುವುದು ಕೇಳು ಎಂದು, ಹೆಮ್ಮೆಗೆ, ಮೊದಲ ಸಲ ಬಣ್ಣಗಳ ವಿಡಿಯೋ ಹಚ್ಚಿದೆ.

ಹೆಂಗಸಿನ ದನಿ ಒಂದೊಂದೇ ಬಣ್ಣ ಹೇಳುತ್ತ ಹೋಯಿತು. ಅಕ್ಕ ಕೈಯಲ್ಲಿದ್ದ ಅಳತೆ ಟೇಪು ಕೆಳಗಿಟ್ಟಳು.

“ಬಿಳೀದು ಇನ್ನೊಂದ್ ಸಲ ಹಚ್ಚು.”

ಹಚ್ಚಿದೆ. ‘ಬ್ಲಾಂ’ ಎಂದು ಮೂಗಿನೊಳಗೆ ಮುಗಿದುಹೋಯಿತು. ಡೆಸ್ಕಿಗೆ ಏಟು ಹಾಕಲು ಅಲ್ಲಿ ಏನೂ ಇರಲಿಲ್ಲ. ಬೂದು ‘ಗ್ರೀ’. ಹಸಿರು ‘ವೆರ್’. ಹಳದಿ, ನಾನು ಬರೆಯಬಲ್ಲಷ್ಟು ಹತ್ತಿರವಾಗಿ, ‘ಝೋನ್’. ನೀಲಿಯನ್ನು ಕನ್ನಡದಲ್ಲಿ ಬರೆಯಲು ಬರುವುದೇ ಇಲ್ಲ.

“ನಿನ್ನ ಮಕ್ಳು ಹೇಳಾದು ಬ್ಯಾರೆ, ಈಕಿ ಹೇಳಾದು ಬ್ಯಾರೆ,” ಅಂದಳು ಅಕ್ಕ.

ನಾನು ವಾದಕ್ಕಿಳಿದೆ. ಫ್ರಾನ್ಸಿನಲ್ಲೂ ಊರಿಗೊಂದು ಮಾತಿರುತ್ತದೆ, ಹರಿಹರದ್ದೇ ಒಂದು ಧಾರವಾಡದ್ದೇ ಒಂದು ಇಲ್ಲವೇ ಅಂದೆ. ನಮ್ಮ ಲೆಕ್ಚರರು ಸೆರಗು ಮುಟ್ಟಿ ಹೇಳಿದ್ದು ನನಗೆ ನಿನ್ನೆ ನಡೆದಂತೆ ನೆನಪಿದೆ ಅಂದೆ. ಅಕ್ಕ ಗಿರಾಕಿಗಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಸೀರಿ ಎಲ್ಲೈತೆ?”

“ಯಾವ ಸೀರೆ?”

“ನೆನಪೈತೆ ಅಂತೀಯಲ್ಲ. ತೋರ್ಸು. ನಿನ್ನ ನೋಟ್‌ಬುಕ್ಕೆಲ್ಲ ಅಟ್ಟದ ಮ್ಯಾಲೇ ಅದಾವಲ್ಲ.”

ಹಿಂದೆ ಬಾಡಿಗೆ ಮನೆ ಬಿಟ್ಟಾಗ ನನ್ನ ಟ್ರಂಕು ಅವಳ ಅಂಗಡಿಯ ಅಟ್ಟ ಸೇರಿತ್ತು. ಅವಳು ಸ್ಟೂಲು ಹಿಡಿದುಕೊಂಡಳು, ನಾನು ಹತ್ತಿದೆ. ಫ್ರೆಂಚ್ ನೋಟ್‌ಬುಕ್ಕು ತಳದಲ್ಲಿತ್ತು. ಮೊದಲ ಮೂರು ಪಾಠ ನನ್ನ ಅಕ್ಷರ. ಬಣ್ಣಗಳ ಪಾಠ ಬಂದಾಗ ಅಕ್ಷರ ಬೇರೆ. ದುಂಡಗೆ, ಒತ್ತಾಗಿ, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳತಿಯದು. ಮೇಲೆ ಬರೆದಿದ್ದಳು: ‘ನೀನು ಊರಿಗೆ ಹೋದಾಗ ಮಾಡಿದ ಪಾಠ.’ ಪಕ್ಕದಲ್ಲಿ ತಾರೀಕು. ಪ್ರತಿ ಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳು: ಗ್ರಿಸ್, ವೆರ್ಟ್, ಜೌನ್, ಬ್ಲಾಂಕ್. ಪೆನ್ಸಿಲಿನ ಅಕ್ಷರ ಮಾತ್ರ ನನ್ನದು.

ಮೆಟ್ಟಿಲಿನ ಮೇಲೆ ಬಿಸಿಲಿಗೆ ಹಿಡಿದು ನೋಡಿದೆವು. ಅಕ್ಕ ತಾರೀಕು ನೋಡಿದಳು.

“ಇದು ನನ್ನ ಮದುವಿ ವಾರ. ನೀನು ಇಲ್ಲೇ ಇದ್ದಿ. ಮೆಹೆಂದಿ ಹಚ್ಕಂಡು ಕೂತು ನನ್ನತ್ರ ಊಟ ತಿನ್ನಿಸ್ಕಂಡೆ, ಮದುವಣಗಿತ್ತಿ ಹತ್ರ.”

ಹಾಗಾದರೆ ಆ ತರಗತಿಯಲ್ಲಿ ನಾನು ಇರಲೇ ಇಲ್ಲ. ಯಾರೋ ಹಾಸ್ಟೆಲಿನ ಮಂಚದ ಮೇಲೆ ಕೂತು, ಕಂಡ ಅಕ್ಷರಕ್ಕೆಲ್ಲ ಒಂದೊಂದು ಸದ್ದು ಕೊಟ್ಟು ತನಗೆ ತಾನೇ ಓದಿಕೊಂಡಿದ್ದಾಳೆ. ನಾವು ಕನ್ನಡದವರು ಬರೆದದ್ದನ್ನೆಲ್ಲ ಓದುತ್ತೇವೆ, ಯಾವ ಅಕ್ಷರಕ್ಕೂ ಅನ್ಯಾಯ ಮಾಡುವುದಿಲ್ಲ. ಆ ಯಾರೋ ನಾನೇ. ಆದರೆ ಬೂದು ಸೀರೆ? ಬಳೆ?

“ಸೋದರತ್ತಿದು,” ಅಂದಳು ಅಕ್ಕ, ಸಲೀಸಾಗಿ. “ಜವಳಿ ತೆಗಿಯಾಕೆ ಹೋಗಿದ್ವಲ್ಲ ದಾವಣಗೆರೆಗೆ. ಅಂಗಡಿಯವನಿಗೆ ಬಣ್ಣ ತಿಳಿಸಾಕೆ ಬರ್ದೆ ಸೋದರತ್ತಿ ತಾನು ಉಟ್ಟಿದ್ದು ತೊಟ್ಟಿದ್ದು ಮುಟ್ಟಿ ಮುಟ್ಟಿ ತೋರಿಸಿದ್ಲು. ಈ ಸೆರಗಿನಂಗೆ, ಈ ಬಳಿ ಥರ ಅಂತ. ನಾವಿಬ್ರೂ ನಕ್ಕೊಂಡ್ವಲ್ಲ.”

ಮದುವೆ ಜವಳಿ ಅಂಗಡಿಯ ಹಾಸಿನ ಮೇಲೆ ಕೂತಿದ್ದ ಸೋದರತ್ತೆಯನ್ನು ನಾನು ಎತ್ತಿಕೊಂಡು ಹೋಗಿ ಧಾರವಾಡದ ತರಗತಿಯಲ್ಲಿ ನಿಲ್ಲಿಸಿದ್ದೆ, ಅವಳ ಬಾಯಿಗೆ ಫ್ರೆಂಚ್ ಹಾಕಿದ್ದೆ. ಇಪ್ಪತ್ತು ವರ್ಷ ಅವಳು ಅಲ್ಲೇ ನಿಂತು ಪಾಠ ಮಾಡಿದ್ದಳು. ಅಥವಾ ಹೀಗೂ ಇರಬಹುದು: ಲೆಕ್ಚರರೂ ಒಂದು ದಿನ ಬೂದು ಸೀರೆ ಉಟ್ಟಿರಬಹುದು. ಅಕ್ಕ ಹೇಳಿದ್ದೂ ನೆನಪೇ ತಾನೆ, ಅವಳ ಸೀರೆಯಾದರೂ ಎಲ್ಲಿದೆ? ಇದನ್ನು ಅವಳಿಗೆ ಹೇಳಲಿಲ್ಲ. ನೋಟ್‌ಬುಕ್ಕು ಮಾತ್ರ ಮಡಿಲಲ್ಲಿತ್ತು, ಅದರಲ್ಲಿ ಬೇರೆಯವಳ ಅಕ್ಷರ ಇತ್ತು. ಅಷ್ಟು ಖಚಿತ.

“ಈಗ ಏನ್ ಮಾಡ್ತಿ?” ಅಂದಳು.

“ಶನಿವಾರ ಆ ತಾಯಿ ವೇದಿಕೆ ಹತ್ತುತ್ತಾರೆ.”

“ಹತ್ತಾಕೆ ಮುಂಚೆ ಹೇಳು ಮತ್ತೆ. ಹೊಲಿಗಿ ಹಾಕಿದ ಮ್ಯಾಲೆ ಬಿಚ್ಚಿದ್ರೆ ತೂತು ಉಳೀತಾವೆ.”

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡರು.

“ಮಿಸ್, ಪೇರೆಂಟ್ಸ್‌ನಲ್ಲಿ ಯಾರಿಗಾದರೂ ಫ್ರೆಂಚ್ ಬರುತ್ತಾ?”

“ಗೊತ್ತಿಲ್ಲ ಸಾರ್.”

“ಕಲಿಸೋರಿಗೇ ಬರಲ್ಲ ಅಂತಿದೀರಿ, ಅವರಿಗೆ ಎಲ್ಲಿಂದ ಬರಬೇಕು? ಶನಿವಾರ ಕಳೀಲಿ. ಆಮೇಲೆ ನಿಧಾನಕ್ಕೆ ತಿದ್ದಿಬಿಡಿ, ಮಕ್ಕಳಿಗೆ ಗೊತ್ತೂ ಆಗಲ್ಲ.”

ಆ ಮಾತು ನನಗೆ ಹಿಡಿಸಿತು. ಹಿಡಿಸಿತು ಎಂಬುದೇ ನನ್ನನ್ನು ಕೂರಲು ಬಿಡಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ನಾನು ನೆಟ್ಟಗೆ ಒಂದು ಕಡೆ ಕೂತ ನೆನಪಿಲ್ಲ. ಶಾಲೆ ಬಿಟ್ಟ ಮೇಲೆ ಮನೆ ಕಡೆ ತಿರುಗಬೇಕಾದ ಗಾಡಿಯನ್ನು ಆನೆಕೊಂಡದ ಕಡೆ ತಿರುಗಿಸಿ, ಅಲ್ಲಿ ಯಾವ ಕೆಲಸವೂ ಇಲ್ಲದೆ ಹಾಗೇ ವಾಪಸು ಬಂದೆ. ಹೆಲ್ಮೆಟ್ಟಿನೊಳಗೆ ಬ್ಲಾಂ, ಬ್ಲಾಂ ಎಂದುಕೊಳ್ಳುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು “ಏನ್ರಿ ಮೇಡಂ?” ಅಂದ. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಇದೇನು ದೊಡ್ಡ ಪಾಪವೇ, ಆರನೇ ತರಗತಿಯ ಏಳು ಪದ, ಎಂದು ಒಂದು ಗಳಿಗೆ ಅನ್ನಿಸಿದರೆ, ಮುಂದಿನ ಗಳಿಗೆಗೆ ಆ ತಾಯಿ ಅತ್ತೆಯ ಮುಂದೆ ನಿಂತು ‘ಬ್ಲಾಂಕ್’ ಎನ್ನುವುದು ಕಣ್ಣಿಗೆ ಬರುತ್ತಿತ್ತು. ಆ ಮನೆಯಲ್ಲಿ ಅವರಿಗೆ ಸಿಕ್ಕ ಮೊದಲ ಗೆಲುವನ್ನು ನಾನು ಖೋಟಾ ಮಾಲಿನಲ್ಲಿ ಕೊಟ್ಟಿದ್ದೆ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಇದ್ದದ್ದು ಅವರ ಬಗ್ಗೆಯೋ ನನ್ನ ಬಗ್ಗೆಯೋ? ಹೇಳಿಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ ಎಂಬುದನ್ನು ಅವರಿಗೆ ನೋವಾಗುತ್ತದೆ ಎಂದು ಬದಲಿಸಿ ಬುಧವಾರದ ಪುಟದಲ್ಲಿ ಬರೆದಿದ್ದೇನೆ. ಈಗ ಓದಿದರೆ ಗೊತ್ತಾಗುತ್ತದೆ.

ಗುರುವಾರ ತರಗತಿಯಲ್ಲಿ ಹೇಳಿದೆ. ಬಟ್ಟೆ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಇವುಗಳ ಹೆಸರನ್ನು ನಾನು ತಪ್ಪಾಗಿ ಹೇಳಿಕೊಟ್ಟಿದ್ದೇನೆ ಅಂದೆ. ಪ್ರಶ್ನೆಗಳು ಒಟ್ಟಿಗೇ ಶುರುವಾದವು.

“ಟೆಸ್ಟಲ್ಲಿ ಮಾರ್ಕ್ಸ್ ಕಟ್ ಆಗುತ್ತಾ ಮಿಸ್?”

“ನೀವು ಸುಳ್ಳು ಹೇಳಿದ್ರಾ ಮಿಸ್?”

“ಸುಳ್ಳಲ್ಲ. ನೋಡದೆ ಹೇಳಿದೆ.”

“ನಾವು ಹಂಗೆ ಹೇಳಿದ್ರೆ ಇಂಪೊಸಿಷನ್ ಕೊಡ್ತೀರಲ್ಲ!”

ತರಗತಿ ನಕ್ಕಿತು, ನಾನೂ ನಕ್ಕೆ. ಎಲ್ಲರ ಎದುರು ಬೋರ್ಡಿನ ಮೇಲೆ ಒಂದೊಂದು ಬಣ್ಣ ಹತ್ತು ಸಲ ಬರೆದೆ. ಅದು ಸುಲಭವಿತ್ತು. ತಿದ್ದುವುದು ಕಷ್ಟವಾಯಿತು. ಫೋನಿನ ಹೆಂಗಸು ಹೇಳಿದ್ದನ್ನು ಒಬ್ಬೊಬ್ಬರೇ ಹೇಳಿದರೆ ಸರಿಯಾಗಿ ಹೇಳುತ್ತಿದ್ದರು. ಒಟ್ಟಿಗೆ ಹೇಳಿದ ಕೂಡಲೇ ರಾಗ ಬರುತ್ತಿತ್ತು, ರಾಗದ ಜೊತೆ ಡೆಸ್ಕಿನ ಏಟು ಬರುತ್ತಿತ್ತು, ಏಟಿನ ಜೊತೆ ‘ಕ್’ ಬಂದೇಬರುತ್ತಿತ್ತು. ಕೊನೆಗೆ ಕೈ ಕಟ್ಟಿಕೊಂಡು ಹೇಳಿ ಅಂದೆ. ನೀಲಿಗೆ ತುಟಿ ಹೇಗಿಡಬೇಕೆಂದು ಫೋನು ತೋರಿಸಿದ್ದು ಅವರಿಗೆ ಬರಲೇ ಇಲ್ಲ. ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡುತ್ತಾರಲ್ಲ, ಹಾಗೆ ಇಡಿ ಅಂದೆ. ನಲವತ್ತೊಂದು ಬಾಯಿಗಳು, ಇಲ್ಲದ ದಾರವನ್ನು ಹಿಡಿದವು. ಹೊರಬಂದ ಸದ್ದು ಫ್ರೆಂಚರದ್ದು ಅಲ್ಲದಿದ್ದರೂ, ನನ್ನದೂ ಆಗಿರಲಿಲ್ಲ.

ಶಾಮನೂರಿನ ಹುಡುಗಿಗೆ ಮಾತ್ರ, ಮನೆಯಲ್ಲಿ ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ ಅಂದಿದ್ದೆ. ಶುಕ್ರವಾರ ಮಧ್ಯಾಹ್ನ ಗೇಟಿನಲ್ಲಿ ಕಾದು ನಿಂತೆ. ಆ ತಾಯಿ ಹೊಸ ರವಿಕೆ ಹೊಲಿಯಲು ಕೊಟ್ಟು ಬಂದಿದ್ದರು, ನಾಳೆಯ ವೇದಿಕೆಗೆ. ಅದನ್ನು ಹೇಳಿ ಮುಗಿಸುವವರೆಗೂ ನಾನು ತಡೆದೆ, ಅದೂ ತಪ್ಪೇ. ಆಮೇಲೆ ಹೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. ಸ್ಕೂಟಿಯ ಕನ್ನಡಿ ಒರೆಸಿದರು.

“ಊರಿಗೆಲ್ಲ ಕೇಳಿಸೀನಲ್ರಿ ಮಿಸ್.”

“ತಪ್ಪು ನಂದು. ಅವರಿಗೆಲ್ಲ ಹಾಗೇ ಹೇಳಿ. ಮಿಸ್ಸಿಗೇ ಬರುತ್ತಿರಲಿಲ್ಲ ಅನ್ನಿ.”

“ಹಂಗಂದ್ರೆ ನಮ್ಮತ್ತಿ ಏನಂತಾಳೆ ಗೊತ್ತೇನ್ರಿ? ನಿಮ್ಮ ಮಿಸ್ಸಿಗೇ ಬರಂಗಿಲ್ಲ, ನಿನಗೆ ಬರುತ್ತೇನೇ ಅಂತಾಳೆ.”

ಸರಿಯಾದ್ದನ್ನು ಈಗ ಹೇಳಿಕೊಡಲೇ ಎಂದು ಕೇಳಿದೆ. ಬ್ಯಾಡ್ರಿ, ಅಂದರು. ಮಗಳು ಹಿಂದೆ ಹತ್ತಿ ಕೂತಳು, ನನ್ನ ಕಡೆ ತಿರುಗಿ ಟಾಟಾ ಮಾಡಲು ಕೈ ಎತ್ತಿ ಅರ್ಧಕ್ಕೆ ಇಳಿಸಿದಳು. ಅಮ್ಮ ಗಾಡಿ ಶುರು ಮಾಡಿದರು.

ಶನಿವಾರ ಅವರು ಬಂದರು. ಹೊಸ ರವಿಕೆ ತೊಟ್ಟಿದ್ದರು. ಹೆಸರು ಕರೆದಾಗ ವೇದಿಕೆ ಹತ್ತಲಿಲ್ಲ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತೇ ಮಗಳಿಗೆ ಹೋಗು ಎಂದು ಕೈಸನ್ನೆ ಮಾಡಿದರು. ಹುಡುಗಿ ಒಬ್ಬಳೇ ನಿಂತು ಕೈ ಕಟ್ಟಿಕೊಂಡು ಹೇಳಿದಳು. ಆರು ಬಣ್ಣ ಸರಿ ಬಂದವು. ಬಿಳಿಗೆ ಬಂದಾಗ ಕೈ ಬಿಚ್ಚಿಕೊಂಡಿತು, ‘ಬ್ಲಾಂಕ್’ ಅಂದುಬಿಟ್ಟಳು, ತಕ್ಷಣ ಅಮ್ಮನ ಕಡೆ ನೋಡಿದಳು. ಪೋಷಕರು ಜೋರಾಗಿ ಚಪ್ಪಾಳೆ ಹೊಡೆದರು. ಎಲ್ಲ ಸರಿಯಿದ್ದರೂ, ಎಲ್ಲ ತಪ್ಪಿದ್ದರೂ ಅಷ್ಟೇ ಹೊಡೆಯುತ್ತಿದ್ದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಆ ತಾಯಿ ಚಪ್ಪಾಳೆ ಹೊಡೆದರೋ ಇಲ್ಲವೋ ನನಗೆ ಕಾಣಲಿಲ್ಲ. ಹೊಡೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ; ನಡುವೆ ಯಾರೋ ಎದ್ದು ನಿಂತಿದ್ದರು.

ಭಾನುವಾರ ಹರಿಹರಕ್ಕೆ ಹೋಗಲಿಲ್ಲ. ಅಕ್ಕ ಫೋನು ಮಾಡಿ “ಬಿಚ್ಚಿದ್ಯಾ?” ಅಂದಳು. “ಬಿಚ್ಚಿದೆ,” ಅಂದೆ. “ತೂತು?” “ಇದಾವೆ.”

ಸೋಮವಾರ ಬೆಳಿಗ್ಗೆ, ಪ್ರಾರ್ಥನೆಗೆ ಇನ್ನೂ ಹತ್ತು ನಿಮಿಷ ಇದ್ದಾಗ, ಆ ತಾಯಿಯಿಂದ ಒಂದು ವಾಯ್ಸ್ ಮೆಸೇಜು ಬಂತು. ಸ್ಟಾಫ್ ರೂಮಿನಲ್ಲಿ ಜನ ಇದ್ದರು, ಕಾರಿಡಾರಿನ ಕೊನೆಗೆ ಹೋಗಿ ಕೇಳಿದೆ. ಹಿಂದೆ ಎಮ್ಮೆ ಕೂಗುತ್ತಿತ್ತು, ಯಾರೋ ಮುದುಕಿ ಏನೋ ಕೇಳುತ್ತಿದ್ದಳು. ಆ ತಾಯಿ ಗಂಟಲು ಸರಿಮಾಡಿಕೊಂಡು ಬಿಳಿಯ ಹೆಸರನ್ನು ಐದು ಸಲ ಹೇಳಿದ್ದರು. ಮೊದಲೆರಡರಲ್ಲಿ ಹಳೆಯ ‘ಕ್’ ಇಣುಕಿತ್ತು. ಮೂರನೆಯದರಲ್ಲಿ ಅರ್ಧ. ಕೊನೆಯ ಎರಡು ಮೂಗಿನೊಳಗೆ ನಿಂತವು. ಆಮೇಲೆ:

“ಮಗಳು ಹೇಳಿಕೊಟ್ಲು. ಇದು ಸರಿ ಐತಾ ಮಿಸ್? ನೀವು ಹೇಳಬ್ಯಾಡ್ರಿ. ಫೋನಿನಾಗಿನ ಹೆಣ್ಮಗಳನ್ನ ಕೇಳಿ ಹೇಳ್ರಿ.”

ಸರಿಯಾಗಿದೆ ಎಂದು ಬರೆಯಲು ಬೆರಳು ಆಗಲೇ ಹೋಗಿತ್ತು. ತಡೆದೆ. ವಿಡಿಯೋ ಹಚ್ಚಿ ಬಿಳಿಯನ್ನು ಕೇಳಿದೆ, ಅವರ ಐದನೆಯದನ್ನು ಕೇಳಿದೆ, ಮತ್ತೆ ವಿಡಿಯೋ. ಪ್ರಾರ್ಥನೆಯ ಗಂಟೆ ಹೊಡೆಯಿತು. ಇನ್ನೊಮ್ಮೆ ಎರಡನ್ನೂ ಒಂದರ ಪಕ್ಕ ಒಂದು ಹಿಡಿದು ಕೇಳಿ, ಆಮೇಲೆ ಉತ್ತರ ಬರೆದೆ.